ವಿದೇಶಿ ಉಭಯಚರಗಳ ಸಾಕಣೆ: ನೋಂದಣಿ ಮತ್ತು ರೋಗ ನಿಯಂತ್ರಣ

ಕಪ್ಪೆ, ಸಾಲಮಾಂಡರ್‌ಗಳ ಚರ್ಮಕ್ಕೆ ತಗಲುವ ಮಾರಕ ಕೈಟ್ರಿಡ್ ಶಿಲೀಂಧ್ರವು ಜೀವಂತ ಪ್ರಾಣಿಗಳ ವ್ಯಾಪಾರದ ಮೂಲಕ ದೇಶದಿಂದ ದೇಶಕ್ಕೆ ಹರಡಿರುತ್ತದೆ. ಸೋಂಕಿತ ಪ್ರಾಣಿಯು ಆರೋಗ್ಯವಾಗಿಯೇ ಕಾಣಬಹುದು. ಅದನ್ನು ಕೆರೆ, ಹೊಳೆಗಳಿಗೆ ಬಿಟ್ಟಲ್ಲಿ ಸ್ಥಳೀಯ ಕಪ್ಪೆಗಳ ಸಂತತಿಗೆ ಅಪಾಯವುಂಟಾಗುತ್ತದೆ.

ನೋಂದಣಿ: ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ಕ್ಕೆ 2022ರಲ್ಲಿ ಮಾಡಲಾದ ತಿದ್ದುಪಡಿ ಹಾಗೂ 2024ರ ನಿಯಮಗಳನ್ವಯ, ಅನುಸೂಚಿ 4ರಲ್ಲಿನ ಆಕ್ಸೊಲಾಟಲ್, ವಿಷಬಾಣ ಕಪ್ಪೆ ಮುಂತಾದವುಗಳನ್ನು ಪಡೆದವರು 30 ದಿನಗಳೊಳಗೆ ‘ಪರಿವೇಶ್’ ಜಾಲತಾಣದ ಮೂಲಕ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅರ್ಜಿ ಸಲ್ಲಿಸತಕ್ಕದ್ದು. ಹಸ್ತಾಂತರ, ಜನನ ಹಾಗೂ ಮರಣಗಳನ್ನೂ ವರದಿ ಮಾಡತಕ್ಕದ್ದು.

ಸೂಚನೆ: ನೋಂದಣಿಯು ಆರೋಗ್ಯ ಪ್ರಮಾಣಪತ್ರವಲ್ಲ. ಹೊಸ ಪ್ರಾಣಿಯನ್ನು ಪ್ರತ್ಯೇಕವಾಗಿರಿಸಿ ಪಶುವೈದ್ಯರಿಗೆ ತೋರಿಸುವುದು. ತೊಟ್ಟಿಯ ನೀರನ್ನು ಸೋಂಕುನಿವಾರಕ ಬೆರೆಸದೆ ಹೊರಚೆಲ್ಲಬಾರದು. ಸಾಕಲಾಗದ ಪ್ರಾಣಿಯನ್ನು ಯಾವ ಕಾರಣಕ್ಕೂ ಹೊರಗೆ ಬಿಡಬಾರದು.