ಯಾರಿಗೂ ಬೇಡವಾದ ನೆಲದ ಮೇಲೆ

ನಮ್ಮ ಕಂದಾಯ ದಾಖಲೆಗಳಲ್ಲಿ 'ಖರಾಬು' ಎಂಬ ಪದವೊಂದಿದೆ. ಕೆಟ್ಟದ್ದು, ಹಾಳಾದದ್ದು ಎಂಬ ಅರ್ಥದಲ್ಲಿ ಪಾರಸಿಯಿಂದ ನಮ್ಮ ಆಡಳಿತ ಭಾಷೆಗೆ ಬಂದ ಮಾತು. ಕೆಟ್ಟದ್ದು ಯಾರ ಪಾಲಿಗೆ ಎಂದು ಕೇಳಿದರೆ ಉತ್ತರ ಸರಳ: ಕಂದಾಯ ವಸೂಲು ಮಾಡುವವರ ಪಾಲಿಗೆ. ಬಂಡೆ, ಹಳ್ಳ, ಕಾಲುದಾರಿ, ಸ್ಮಶಾನ, ಹೀಗೆ ಉತ್ತು ಬಿತ್ತಲಾಗದ ನೆಲವೆಲ್ಲ ಈ ಒಂದು ಪದದೊಳಗೆ ಸೇರಿಹೋಗುತ್ತದೆ. ಊರಿನವರ ಕಣ್ಣಿಗೆ ಮಾತ್ರ ಅದೇ ನೆಲ ದನ ಹಾಯುವ, ಸೌದೆ ಆಯುವ, ಅಲೆಮಾರಿಗಳು ಡೇರೆ ಹಾಕುವ ಜಾಗ. ದಾಖಲೆ ಬೇಡವೆಂದ ನೆಲವನ್ನು ಬದುಕು ಬೇಡವೆಂದಿಲ್ಲ.

ಈ ಪದವನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಅಮೆರಿಕದ ಪಶ್ಚಿಮದ ಮರುಭೂಮಿಯ ಕಡೆ ನೋಡಬಹುದು. ನೆವಾಡ, ಯೂಟಾ, ಅರಿಜೋನಾ, ಕ್ಯಾಲಿಫೋರ್ನಿಯಾ ಮೊದಲಾದ ರಾಜ್ಯಗಳಲ್ಲಿ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಎಂಬ ಕೇಂದ್ರ ಸರ್ಕಾರದ ಇಲಾಖೆಯ ವಶದಲ್ಲಿ ಸುಮಾರು 24.5 ಕೋಟಿ ಎಕರೆ ನೆಲವಿದೆ. ಐದು ಕರ್ನಾಟಕಗಳಿಗಿಂತ ತುಸು ಹೆಚ್ಚು. ನೆವಾಡದಲ್ಲಂತೂ ರಾಜ್ಯದ ಮೂರನೆಯ ಎರಡು ಪಾಲು ಈ ಇಲಾಖೆಯದೇ. ಇದರ ಬಹುಭಾಗದಲ್ಲಿ ಯಾರು ಬೇಕಾದರೂ, ಯಾರನ್ನೂ ಕೇಳದೆ, ಒಂದು ಕಾಸೂ ಕೊಡದೆ, ಡೇರೆ ಹಾಕಿ ಮಲಗಬಹುದು. ಅಲ್ಲಿ ನೀರಿನ ನಲ್ಲಿಯಿಲ್ಲ, ಶೌಚಾಲಯವಿಲ್ಲ, ಕಾವಲುಗಾರನಿಲ್ಲ. ದಿನಕ್ಕೆ ತಲೆಗೆ ನಾಲ್ಕು ಲೀಟರಿನಷ್ಟು ನೀರನ್ನು ತಾವೇ ಹೊತ್ತೊಯ್ಯಬೇಕು. ಕಸವನ್ನು ತಾವೇ ಹೊತ್ತು ತರಬೇಕು. ಒಣಗಿದ ಹಳ್ಳದ ಪಾತ್ರದಲ್ಲಿ ಮಲಗಬಾರದು. ಎಲ್ಲೋ ದೂರದ ಬೆಟ್ಟದ ಮೇಲೆ ಸುರಿದ ಮಳೆ ನಡುರಾತ್ರಿಯಲ್ಲಿ ಗೋಡೆಯಂತೆ ಬಂದೀತು. ಸಾಮಾನ್ಯ ನಿಯಮವೆಂದರೆ, 28 ದಿನಗಳ ಅವಧಿಯಲ್ಲಿ 14 ದಿನಕ್ಕಿಂತ ಹೆಚ್ಚು ಒಂದೆಡೆ ನಿಲ್ಲುವಂತಿಲ್ಲ.

ಖಾಸಗಿ ಆಸ್ತಿಯನ್ನು ಪರಮಪವಿತ್ರವೆಂದು ಭಾವಿಸುವ ದೇಶ ಅದು. ಬೇಲಿ ದಾಟಿದವನಿಗೆ ಬಂದೂಕು ತೋರಿಸುವುದನ್ನೂ ಅಲ್ಲಿಯ ಅನೇಕರು ಹಕ್ಕೆಂದೇ ತಿಳಿಯುತ್ತಾರೆ. ಅಂಥಲ್ಲಿ ಬೇಲಿಯಿಲ್ಲದ ಇಷ್ಟು ವಿಸ್ತಾರವಾದ ನೆಲ ಹೇಗೆ ಉಳಿಯಿತು? ಯಾರೋ ದೂರದೃಷ್ಟಿಯಿಂದ ಉಳಿಸಿಕೊಟ್ಟರು ಎಂಬ ಉತ್ತರ ಕೇಳಲು ಹಿತವಾಗಿದೆ. ಇತಿಹಾಸ ಹೇಳುವುದು ಬೇರೆ: ಹಂಚಲು ಹೊರಟವರಿಗೆ ತೆಗೆದುಕೊಳ್ಳುವವರು ಸಿಗಲಿಲ್ಲ.

ಹೊಸದಾಗಿ ಸ್ವತಂತ್ರವಾದ ದೇಶ 1785ರಲ್ಲಿ ಭೂಶಾಸನವೊಂದನ್ನು ಮಾಡಿ, ತನ್ನ ನೆಲವನ್ನು ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಗಳಾಗಿ ಅಳೆಯತೊಡಗಿತು. ಒಂದೊಂದು ಚೌಕದಲ್ಲಿ 640 ಎಕರೆಯ 36 ತುಂಡುಗಳು. 1812ರಲ್ಲಿ ಇದಕ್ಕೆಂದೇ ಭೂಕಚೇರಿಯೊಂದು ಹುಟ್ಟಿತು. ಅದರ ಮುಖ್ಯ ಕೆಲಸ ಅಳೆಯುವುದು, ಮಾರುವುದು, ಹಂಚುವುದು. 1862ರಲ್ಲಿ ಲಿಂಕನ್ ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯಿದೆಯ ಪ್ರಕಾರ, ಐದು ವರ್ಷ ವಾಸವಿದ್ದು ಸಾಗುವಳಿ ಮಾಡಿದ ಕುಟುಂಬಕ್ಕೆ 160 ಎಕರೆ ಹೆಚ್ಚುಕಡಿಮೆ ಉಚಿತವಾಗಿ ದಕ್ಕುತ್ತಿತ್ತು. ಈ ಕಾಯಿದೆಯ ಬಲದಿಂದ ಒಟ್ಟು ಸುಮಾರು 16 ಲಕ್ಷ ಹಕ್ಕುಪತ್ರಗಳ ಮೂಲಕ 27 ಕೋಟಿ ಎಕರೆ ಖಾಸಗಿಯವರ ಕೈಸೇರಿತು.

ಪೂರ್ವದ ಹಸಿರು ಬಯಲಿನಲ್ಲಿ ಈ ಲೆಕ್ಕ ಸರಿಹೋಯಿತು. ಮಳೆ ಕಡಿಮೆಯಾದಂತೆ ಲೆಕ್ಕವೂ ತಪ್ಪುತ್ತ ಬಂತು. 1877ರ ಮರುಭೂಮಿ ಕಾಯಿದೆ 640 ಎಕರೆಯನ್ನು ಎಕರೆಗೆ ಒಂದೂಕಾಲು ಡಾಲರಿನಂತೆ ಕೊಡಮಾಡಿತು. ಷರತ್ತು ಒಂದೇ, ಮೂರು ವರ್ಷದೊಳಗೆ ನೀರು ಹಾಯಿಸಬೇಕು. ಎಲ್ಲಿಂದ ಹಾಯಿಸಬೇಕೆಂದು ಕಾಯಿದೆ ಹೇಳಲಿಲ್ಲ. ಮರುವರ್ಷವೇ, ಕೊಲರಾಡೊ ನದಿಯ ಮಹಾಕಣಿವೆಯನ್ನು ದೋಣಿಯಲ್ಲಿ ದಾಟಿ ಹೆಸರಾಗಿದ್ದ ಜಾನ್ ವೆಸ್ಲಿ ಪೊವೆಲ್, ಒಣಪ್ರದೇಶಗಳ ಕುರಿತ ತನ್ನ ವರದಿಯನ್ನು ಸರ್ಕಾರದ ಮುಂದಿಟ್ಟ. ವರ್ಷಕ್ಕೆ 20 ಅಂಗುಲ ಮಳೆಯೂ ಬೀಳದ ನಾಡಿನಲ್ಲಿ 160 ಎಕರೆ ಒಂದು ಕುಟುಂಬವನ್ನು ಸಾಕಲಾರದು. ಹುಲ್ಲುಗಾವಲಿನ ಹಿಡುವಳಿಗೆ 2,560 ಎಕರೆಯಾದರೂ ಬೇಕು. ನೆಲವನ್ನು ಚೌಕಗಳಾಗಿ ಕತ್ತರಿಸದೆ ನೀರಿರುವೆಡೆಗೆ ಹೊಂದಿಸಿ ಹಂಚಬೇಕು ಎಂಬುದು ಅವನ ವಾದ. ಒಂದು ಕೈಯನ್ನು ಯುದ್ಧದಲ್ಲಿ ಕಳೆದುಕೊಂಡಿದ್ದ ಆ ಮನುಷ್ಯನ ಮಾತನ್ನು ಶಾಸನಸಭೆ ಕಿವಿಗೆ ಹಾಕಿಕೊಳ್ಳಲಿಲ್ಲ.

ಹೀಗೆ ನೀರಿದ್ದ ನೆಲ, ಚಿನ್ನ ಬೆಳ್ಳಿ ಇದ್ದ ನೆಲ, ರೈಲು ಹೋದ ನೆಲ ಎಲ್ಲವೂ ಒಬ್ಬರಲ್ಲ ಒಬ್ಬರ ಪಾಲಾಗಿ, ಉಳಿದದ್ದು ಉಪ್ಪು, ಮರಳು ಮತ್ತು ಕುರುಚಲು. 1930ರ ದಶಕದ ಆರಂಭದಲ್ಲಿ ಅಧ್ಯಕ್ಷ ಹೂವರ್ ಈ ಶೇಷಭೂಮಿಯನ್ನು ರಾಜ್ಯಗಳಿಗೇ ಕೊಟ್ಟು ಕೈತೊಳೆದುಕೊಳ್ಳಲು ನೋಡಿದರು. ಖನಿಜದ ಹಕ್ಕಿಲ್ಲದ ಬರಿ ಮೇಲ್ಮೈ ನಮಗೇಕೆ ಎಂದು ರಾಜ್ಯಗಳು ಉತ್ಸಾಹ ತೋರಲಿಲ್ಲ. ಆ ಹೊತ್ತಿಗೆ ಮಿತಿಯಿಲ್ಲದ ಮೇವಿನಿಂದ ಹುಲ್ಲು ಬರಿದಾಗಿತ್ತು. ಮಧ್ಯದ ಬಯಲುಸೀಮೆಯಿಂದ ಧೂಳಿನ ಬಿರುಗಾಳಿ ಎದ್ದು ರಾಜಧಾನಿಯ ಆಕಾಶವನ್ನೂ ಮುಟ್ಟುತ್ತಿತ್ತು. 1934ರ ಟೇಲರ್ ಕಾಯಿದೆ ಮೊದಲ ಬಾರಿಗೆ ಈ ನೆಲದಲ್ಲಿ ಮೇಯಿಸುವವರಿಂದ ಪರವಾನಗಿ ಕೇಳಿತು. ಆ ಕಾಯಿದೆಯ ಪೀಠಿಕೆಯಲ್ಲಿ ಗಮನಿಸಬೇಕಾದ ಒಂದು ಅಂಶವಿದೆ: ಈ ವ್ಯವಸ್ಥೆಯೆಲ್ಲವೂ ನೆಲದ ಅಂತಿಮ ವಿಲೇವಾರಿ ಆಗುವವರೆಗೆ ಮಾತ್ರ. ಸರ್ಕಾರಿ ಕಡತಗಳ ನಡುವೆ ಬದುಕುವ ನಮ್ಮಂಥವರಿಗೆ ಈ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. 'ವಿಲೇವಾರಿ ಬಾಕಿ' ಎಂದು ಬರೆಸಿಕೊಂಡ ಕಡತ ತಲೆಮಾರುಗಳ ಕಾಲ ಬಾಳಬಲ್ಲದು. 24.5 ಕೋಟಿ ಎಕರೆಯೂ ಹಾಗೆಯೇ ಬಾಳಿತು. 1946ರಲ್ಲಿ ಹಳೆಯ ಭೂಕಚೇರಿ ಮತ್ತು ಮೇವುಗಾವಲು ಇಲಾಖೆಗಳೆರಡೂ ಬೆರೆತು ಇಂದಿನ ಬ್ಯೂರೋ ಆಯಿತು. 1976ರ ಅಕ್ಟೋಬರಿನಲ್ಲಿ ಬಂದ ಕಾಯಿದೆಯೊಂದು, ಸಾಮಾನ್ಯವಾಗಿ ಈ ನೆಲ ಒಕ್ಕೂಟ ಸರ್ಕಾರದ ಒಡೆತನದಲ್ಲೇ ಉಳಿಯತಕ್ಕದ್ದು ಎಂದು ಕೊನೆಗೂ ಘೋಷಿಸಿತು. ಹಂಚುವ ನೀತಿಯಿಂದ ಉಳಿಸುವ ನೀತಿಗೆ ಬರಲು 191 ವರ್ಷ ಹಿಡಿಯಿತು.

ಇಷ್ಟರಲ್ಲಿ ನಾವು ಒಂದು ಮಾತನ್ನು ಮರೆಯುವಂತಿಲ್ಲ. ಯಾರಿಗೂ ಬೇಡವಾದ ನೆಲ ಎಂದೆವಲ್ಲ, ಆ 'ಯಾರಿಗೂ' ಎಂಬುದರೊಳಗೆ ಯಾರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ? ಕೊಲರಾಡೊ ನದಿಯ ಕೆಳದಂಡೆಯ ಮರುಭೂಮಿಯಲ್ಲಿ, ಕಪ್ಪು ಹರಳು ಹಾಸಿದಂಥ ನೆಲದ ಮೇಲೆ, ಕಲ್ಲುಗಳನ್ನು ಬದಿಗೆ ಸರಿಸಿ ಮಾಡಿದ ವರ್ತುಲಗಳು ಅಲ್ಲಲ್ಲಿ ಕಾಣಸಿಗುತ್ತವೆ. ಪುರಾತತ್ತ್ವಜ್ಞರು ಅವನ್ನು ಮಲಗುವ ವರ್ತುಲಗಳೆಂದು ಕರೆಯುತ್ತಾರೆ. ಮೊಹಾವೆ, ಕ್ವೆಚಾನ್, ಚೆಮೆಹುವೆವಿ ಜನರ ಕಾಲುದಾರಿಗಳು ಈ ಮರುಭೂಮಿಯನ್ನು ಹಾಯ್ದು ಹೋಗುತ್ತಿದ್ದವು. ಶಾಂತಸಾಗರದ ಕಪ್ಪೆಚಿಪ್ಪುಗಳು ಆ ದಾರಿಗಳಲ್ಲೇ ಒಳನಾಡಿಗೆ ಬಂದವು. ಇಂದಿನ ಶಿಬಿರವಾಸಿಗಳು ಮೊದಲಿಗರಲ್ಲ, ಬಹಳ ತಡವಾಗಿ ಬಂದವರು.

ನೆವಾಡದ ಪಶ್ಚಿಮ ಶೊಶೋನಿ ಜನರ ಕಥೆ ಇನ್ನೂ ಕಟುವಾದದ್ದು. 1863ರಲ್ಲಿ ರೂಬಿ ಕಣಿವೆಯಲ್ಲಿ ಅವರೊಡನೆ ಆದ ಒಪ್ಪಂದ ಶಾಂತಿ ಮತ್ತು ಸ್ನೇಹದ್ದು. ಬಿಳಿಯರಿಗೆ ಹಾದುಹೋಗಲು, ಗಣಿ ತೋಡಲು ಅವಕಾಶ ಕೊಟ್ಟಿತೇ ಹೊರತು ನೆಲವನ್ನು ಬಿಟ್ಟುಕೊಡಲಿಲ್ಲ. ಮುಂದೆ ಸರ್ಕಾರದ ಆಯೋಗವೊಂದು, ಕ್ರಮೇಣ ನಡೆದ ಒತ್ತುವರಿಯಿಂದ ಅವರ ಹಕ್ಕು ನಶಿಸಿದೆ ಎಂದು ತೀರ್ಮಾನಿಸಿತು. 1979ರಲ್ಲಿ ಪರಿಹಾರವೆಂದು 2.6 ಕೋಟಿ ಡಾಲರ್ ಖಜಾನೆಯಲ್ಲಿ ಇಡಲಾಯಿತು. ನಮಗೆ ಹಣ ಬೇಡ, ನೆಲ ಮಾರಿಲ್ಲ ಎಂದು ಅವರು ಮುಟ್ಟಲಿಲ್ಲ. ಪರವಾನಗಿಯಿಲ್ಲದೆ ದನ ಮೇಯಿಸಿದರೆಂದು ಮೇರಿ ಮತ್ತು ಕ್ಯಾರಿ ಡ್ಯಾನ್ ಎಂಬ ಶೊಶೋನಿ ಸೋದರಿಯರ ಮೇಲೆ ಹೂಡಿದ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಸರ್ಕಾರ ಆ ಜನರ ಪರವಾಗಿ ತನ್ನದೇ ಖಜಾನೆಯಲ್ಲಿ ಹಣ ಜಮಾ ಮಾಡಿದೊಡನೆ ಅದು ಪಾವತಿಯಾದಂತೆಯೇ ಎಂದು 1985ರಲ್ಲಿ ತೀರ್ಪಾಯಿತು. ಸಾರ್ವಜನಿಕ ನೆಲ ಎಂಬ ಮಾತಿನ ತಳದಲ್ಲಿ ಇಂಥ ಪಾವತಿಗಳೂ ಇವೆ.

ಮರುಭೂಮಿ ಏನನ್ನೂ ಬೇಗ ಮರೆಯುವುದಿಲ್ಲ. 1942ರಲ್ಲಿ, ಉತ್ತರ ಆಫ್ರಿಕದ ಯುದ್ಧಕ್ಕೆ ಸೈನಿಕರನ್ನು ಸಿದ್ಧಗೊಳಿಸಲು ಜನರಲ್ ಪ್ಯಾಟನ್ ಕ್ಯಾಲಿಫೋರ್ನಿಯಾ ಮತ್ತು ಅರಿಜೋನಾದ ಮರಳಿನಲ್ಲಿ ದೊಡ್ಡ ತರಬೇತಿ ಕೇಂದ್ರ ತೆರೆದರು. 1944ರಲ್ಲಿ ಅದು ಮುಚ್ಚುವ ಹೊತ್ತಿಗೆ ಸುಮಾರು ಹತ್ತು ಲಕ್ಷ ಸೈನಿಕರು ಅಲ್ಲಿ ತರಬೇತಿ ಪಡೆದಿದ್ದರು. ಟ್ಯಾಂಕುಗಳ ಗಾಲಿಪಟ್ಟಿಯ ಗುರುತುಗಳು ಎಂಬತ್ತು ವರ್ಷ ಕಳೆದರೂ ಕೆಲವೆಡೆ ಮಾಸಿಲ್ಲ. ಡೇರೆಸಾಲುಗಳ ಮುಂದೆ ಸೈನಿಕರು ಕಲ್ಲು ಜೋಡಿಸಿ ಮಾಡಿದ ಓಣಿಗಳು ಇಂದಿಗೂ ಕಾಣುತ್ತವೆ. ಆದ್ದರಿಂದಲೇ ಹೊಸ ಜಾಗ ಹುಡುಕದೆ, ಹಿಂದಿನವರು ಮಲಗಿದ್ದ ಜಾಗದಲ್ಲೇ ಡೇರೆ ಹಾಕಿ ಎಂದು ಬ್ಯೂರೋ ಕೇಳಿಕೊಳ್ಳುತ್ತದೆ. ಸೂಕ್ಷ್ಮಜೀವಿಗಳು ಹೆಣೆದ ಮಣ್ಣಿನ ಹೊರಪದರ ಒಂದು ಹೆಜ್ಜೆಗೆ ಮುರಿಯುತ್ತದೆ. ಮತ್ತೆ ಕೂಡಲು ದಶಕಗಳು ಬೇಕು.

ಅದೇ ಯುದ್ಧಕಾಲದ ಇನ್ನೊಂದು ಕುರುಹು ಕ್ಯಾಲಿಫೋರ್ನಿಯಾದ ಸ್ಲ್ಯಾಬ್ ಸಿಟಿ. ಅಲ್ಲಿದ್ದ ನೌಕಾದಳದ ಪದಾತಿಗಳ ಶಿಬಿರವನ್ನು ಕೆಡವಿದ ಮೇಲೆ ಕಾಂಕ್ರೀಟು ಹಾಸುಗಳು ಮಾತ್ರ ಉಳಿದವು. ಅವುಗಳ ಮೇಲೆ ನೆಲೆಯಿಲ್ಲದವರು ಬಂದು ನಿಂತರು. ಕುತೂಹಲದ ಸಂಗತಿಯೆಂದರೆ, ಅದು ಬ್ಯೂರೋದ ನೆಲವಲ್ಲ. 1785ರ ಅಳತೆಯ ಚೌಕದಲ್ಲಿ 36ನೆಯ ತುಂಡು. ಶಾಲೆಗಳ ಖರ್ಚಿಗೆಂದು ರಾಜ್ಯಕ್ಕೆ ಬಿಟ್ಟ 640 ಎಕರೆ. ಮಕ್ಕಳ ಓದಿಗೆಂದು ಗೆರೆ ಎಳೆದ ಜಾಗ ಮನೆಯಿಲ್ಲದವರ ಊರಾಯಿತು.

ಅರಿಜೋನಾದ ಕ್ವಾರ್ಟ್ಜ್‌ಸೈಟ್‌ನ ಕಾಯಂ ಜನಸಂಖ್ಯೆ ಎರಡೂವರೆ ಸಾವಿರದ ಆಸುಪಾಸು. ಚಳಿಗಾಲ ಬಂತೆಂದರೆ ಸುತ್ತಲಿನ ಮರುಭೂಮಿಯಲ್ಲಿ ಗಾಡಿಮನೆಗಳ ಸಮುದ್ರ. 1983ರಿಂದ ಬ್ಯೂರೋ ಇಲ್ಲಿ ದೀರ್ಘಾವಧಿ ತಂಗುದಾಣಗಳನ್ನು ಗುರುತಿಸಿ, ಸೆಪ್ಟೆಂಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಶುಲ್ಕ ಪಡೆದು ಇರಗೊಡುತ್ತಿದೆ. ಊರಿನ ಸ್ಮಶಾನದಲ್ಲಿ ನೆತ್ತಿಯ ಮೇಲೆ ಒಂಟೆಯನ್ನು ಹೊತ್ತ ಕಲ್ಲಿನ ಪಿರಮಿಡ್ಡೊಂದಿದೆ. ಅದು ಹಾಜಿ ಅಲಿಯ ಗೋರಿ. 1850ರ ದಶಕದಲ್ಲಿ ಅಮೆರಿಕದ ಸೈನ್ಯ ಮರುಭೂಮಿ ಸಾಗಾಟಕ್ಕೆಂದು ಒಂಟೆಗಳನ್ನು ತರಿಸಿದಾಗ ಅವುಗಳ ಜೊತೆಗೆ ಒಟ್ಟೋಮನ್ ನಾಡಿನಿಂದ ಬಂದವನು. ಅಂತರ್ಯುದ್ಧದ ಗದ್ದಲದಲ್ಲಿ ಪ್ರಯೋಗ ನಿಂತುಹೋಯಿತು, ಒಂಟೆಗಳು ಚೆದುರಿದವು, ಆತ ಅಲ್ಲೇ ಉಳಿದು 1902ರಲ್ಲಿ ತೀರಿಕೊಂಡ. ಅವನ ಹೆಸರು ಸ್ಥಳೀಯರ ಬಾಯಲ್ಲಿ 'ಹೈ ಜಾಲಿ' ಆಯಿತು. ಹೊರನಾಡುಗಳಲ್ಲಿ ನಮ್ಮ ಹೆಸರುಗಳಿಗೆ ಒದಗುವ ಗತಿಯನ್ನು ಬಲ್ಲ ನಾವು ಈ ಗೋರಿಯ ಹೆಸರನ್ನು ನಗುತ್ತ ಓದಿ, ಮುಂದೆ ಹೋಗಲು ತುಸು ತಡೆಯಬೇಕಾಗುತ್ತದೆ.

ಈ ಊರಿನ ಸುತ್ತ ಬೀಡುಬಿಡುವವರೆಲ್ಲ ವಿಹಾರಕ್ಕೆ ಬಂದವರಲ್ಲ. 2008ರ ಆರ್ಥಿಕ ಕುಸಿತದ ನಂತರ ಮನೆ ಕಳೆದುಕೊಂಡು ವ್ಯಾನುಗಳಲ್ಲಿ ಬದುಕುತ್ತ, ಉಗ್ರಾಣಗಳಲ್ಲಿ ಋತುಮಾನದ ಕೂಲಿ ಮಾಡುವ ಮುದುಕ ಮುದುಕಿಯರ ಬಗ್ಗೆ ಜೆಸಿಕಾ ಬ್ರೂಡರ್ 2017ರಲ್ಲಿ ಬರೆದ 'ನೊಮ್ಯಾಡ್‌ಲ್ಯಾಂಡ್' ಆ ಜಗತ್ತನ್ನು ಹೊರಗಿನವರಿಗೆ ತೋರಿಸಿತು. ಅದೇ ಹೆಸರಿನ ಚಲನಚಿತ್ರಕ್ಕೆ ಆಸ್ಕರ್ ಬಂತು. ಇಲ್ಲಿ 14 ದಿನಗಳ ನಿಯಮಕ್ಕೆ ಎರಡು ಮುಖಗಳು ಮೂಡುತ್ತವೆ. ರಜೆಯಲ್ಲಿ ಬಂದವರಿಗೆ 14 ದಿನ ಬೇಕಾದಷ್ಟಾಯಿತು. ಬೇರೆ ಮನೆಯಿಲ್ಲದವರಿಗೆ ಅದು ಪ್ರತಿ ಪಕ್ಷಕ್ಕೊಮ್ಮೆ ಬರುವ ತೆರವಿನ ನೋಟೀಸು. ಅತ್ತ ನಗರಗಳಲ್ಲಿ, ಕಂಬಳಿ ಹೊದ್ದು ಬಯಲಿನಲ್ಲಿ ಮಲಗುವುದನ್ನೇ ನಿಷೇಧಿಸಿದ ಒರೆಗಾನ್‌ನ ಗ್ರಾಂಟ್ಸ್ ಪಾಸ್ ಪಟ್ಟಣದ ನಿಯಮವನ್ನು ಸುಪ್ರೀಂ ಕೋರ್ಟು 2024ರ ಜೂನ್‌ನಲ್ಲಿ ಎತ್ತಿಹಿಡಿಯಿತು. ಒಂದೇ ದೇಶದಲ್ಲಿ, ಒಂದೇ ಆಕಾಶದ ಕೆಳಗೆ ಮಲಗುವುದು ಒಂದೆಡೆ ಸ್ವಾತಂತ್ರ್ಯ, ಇನ್ನೊಂದೆಡೆ ಅಪರಾಧ.

ಈ ನಡುವೆ, ಬೇಡವಾಗಿದ್ದ ನೆಲ ಮತ್ತೆ ಬೇಕಾಗುತ್ತಿದೆ. ಸೌರವಿದ್ಯುತ್ತಿಗೆ, ಲಿಥಿಯಂಗೆ, ಬೆಳೆಯುವ ನಗರಗಳಿಗೆ ಮರುಭೂಮಿಯೇ ಬೇಕು. 2025ರ ಬೇಸಿಗೆಯಲ್ಲಿ ಇಪ್ಪತ್ತು ಲಕ್ಷ ಎಕರೆಗೂ ಮಿಕ್ಕಿ ಸಾರ್ವಜನಿಕ ನೆಲವನ್ನು ಮಾರುವ ಪ್ರಸ್ತಾಪ ಅಮೆರಿಕದ ಸೆನೆಟ್‌ನಲ್ಲಿ ಬಂತು. ಪರಿಸರವಾದಿಗಳಷ್ಟೇ ಅಲ್ಲ, ಬೇಟೆಗಾರರೂ ಮೀನು ಹಿಡಿಯುವವರೂ ಆಳುವ ಪಕ್ಷದ ಪಶ್ಚಿಮದ ಕೆಲವು ಪ್ರತಿನಿಧಿಗಳೂ ವಿರೋಧಿಸಿದ್ದರಿಂದ ಜೂನ್ ಮುಗಿಯುವ ಮೊದಲೇ ಅದನ್ನು ಹಿಂತೆಗೆದುಕೊಳ್ಳಲಾಯಿತು. ಬಳಸುತ್ತ ಬಂದವರು ಎದ್ದು ನಿಂತರು ಎಂಬುದು ಇಲ್ಲಿ ಮುಖ್ಯ. ಬರಿಯ ದಾಖಲೆಯಲ್ಲಿದ್ದ ನೆಲವಾಗಿದ್ದರೆ ಯಾರೂ ಏಳುತ್ತಿರಲಿಲ್ಲ.

ನಮ್ಮ ಚಿತ್ರದುರ್ಗದ ಚಳ್ಳಕೆರೆಯ ಕಡೆಯ ಅಮೃತಮಹಲ್ ಕಾವಲುಗಳು ಇಲ್ಲಿ ನೆನಪಾಗುತ್ತವೆ. ಮೈಸೂರು ಅರಸರು ಹಸುಗಳಿಗೆಂದು ಕಾದಿಟ್ಟ ಆ ಹುಲ್ಲುಗಾವಲಿನಲ್ಲಿ ಸುಮಾರು ಹತ್ತು ಸಾವಿರ ಎಕರೆ, ಈ ಶತಮಾನದ ಆರಂಭದ ವರ್ಷಗಳಲ್ಲಿ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಕುರಿ ಕಾಯುವವರು, ಆ ಉಣ್ಣೆಯಿಂದ ಕಂಬಳಿ ನೇಯುವವರು ನ್ಯಾಯಮಂಡಳಿಯ ಬಾಗಿಲು ತಟ್ಟಬೇಕಾಯಿತು. ದೇಶಕ್ಕೆ ಆ ಸಂಸ್ಥೆಗಳು ಬೇಕು ಎಂಬುದರಲ್ಲಿ ಜಗಳವಿಲ್ಲ. ನೆಲ ಖಾಲಿಯಿದೆ ಎಂದು ಯಾರು, ಯಾರನ್ನು ಕೇಳಿ ಬರೆದರು ಎಂಬ ಪ್ರಶ್ನೆ ಮಾತ್ರ ರೂಬಿ ಕಣಿವೆಯಲ್ಲೂ ಚಳ್ಳಕೆರೆಯಲ್ಲೂ ಒಂದೇ.

ಮುಂಬಯಿಯಲ್ಲೋ ದೆಹಲಿಯಲ್ಲೋ ಚದರಡಿಯ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಬದುಕುವ ನಾವು, ರಜೆಗೆ ಊರಿಗೆ ಹೋದಾಗ ನಮ್ಮ ಸೈಟು, ನಮ್ಮ ಪಹಣಿ, ನಮ್ಮ ಪಾಲುಗಳ ಬಗ್ಗೆ ವಿಚಾರಿಸುತ್ತೇವೆ. ಗೋಮಾಳ ಎಷ್ಟು ಉಳಿದಿದೆ, ಗುಂಡುತೋಪಿನಲ್ಲಿ ಈಗ ಏನಿದೆ ಎಂದು ಕೇಳುವವರು ಅಪರೂಪ. ಮುಂದಿನ ಸಲ ಹೋದಾಗ ಅದನ್ನೂ ಕೇಳೋಣ. ಮೇಯಿಸುವವರೂ ಮಲಗುವವರೂ ಇರುವವರೆಗೆ ಮಾತ್ರ ಅಂಥ ನೆಲ ಎಲ್ಲರದು.