ಮಗ್ಗದಿಂದ ಕ್ವಾಂಟಮ್ ಗಣಕದವರೆಗೆ

ರಬಕವಿ-ಬನಹಟ್ಟಿಗಳ ಓಣಿಗಳಲ್ಲಿ ಹಾಯ್ದು ಹೋಗುವವರ ಕಿವಿಗೆ ಮೊದಲು ಬೀಳುವದು ಮಗ್ಗದ ಸಪ್ಪಳವು. ಹಾಸಿನ ಎಳೆಯು ಮೇಲೇಳಬೇಕು, ಇಲ್ಲವೆ ಕೆಳಗೇ ಇರಬೇಕು. ನಡುವೆ ಲಾಳಿಯು ಹಾಯಬೇಕು. ಸೀರೆಯ ಚಿತ್ತಾರವೆಲ್ಲ ಈ ಎರಡೇ ಸ್ಥಿತಿಗಳ ವಿಲಾಸವಷ್ಟೆ. ಜಮಖಂಡಿ, ಮುಧೋಳ, ಬೀಳಗಿಗಳಲ್ಲಿ ಆ ಸೀರೆಯನ್ನುಟ್ಟ ತಾಯಂದಿರಿಗೆ, ಗಣಕಯಂತ್ರದ ಪೂರ್ವಜನೂ ಮಗ್ಗವೇ ಎಂದರೆ ಆಶ್ಚರ್ಯವಾಗದಿರದು.

1804 ರಲ್ಲಿ ಫ್ರಾನ್ಸ ದೇಶದ ಜಾಕಾರ್ಡನು ತೂತು ಕೊರೆದ ರಟ್ಟುಗಳಿಂದ ಎಳೆಗಳನ್ನು ಆಳುವ ಮಗ್ಗವನ್ನು ಸಿದ್ಧಪಡಿಸಿದನು. ತೂತಿದ್ದಲ್ಲಿ ಎಳೆಯು ಏಳುವದು, ಇಲ್ಲದಲ್ಲಿ ಏಳದು. 1830 ರ ದಶಕದಲ್ಲಿ ಇಂಗ್ಲಂಡದ ಬ್ಯಾಬೇಜನು ತನ್ನ ಗಣಿತಯಂತ್ರದ ಯೋಜನೆಗೆ ಆ ರಟ್ಟುಗಳನ್ನೇ ಆಯ್ದುಕೊಂಡನು. ಮುಂದೆ ಬಂದ ವಿದ್ಯುದ್ಗಣಕಗಳೂ ಸೊನ್ನೆ, ಒಂದು ಎಂಬೆರಡು ಅಂಕೆಗಳಿಂದಲೇ ಲೆಕ್ಕವನ್ನು ನೇಯುತ್ತ ಬಂದಿವೆ.

ಇತ್ತ 1900 ರಲ್ಲಿ ಜರ್ಮನಿಯ ಪ್ಲಾಂಕನು ಶಕ್ತಿಯ ಕೊಡುಕೊಳ್ಳುವಿಕೆಯು ಧಾರೆಯಾಗಿರದೆ ಕಣಕಣವಾಗಿ ನಡೆಯುವದೆಂದು ಪ್ರತಿಪಾದಿಸಿದನು. 1924 ರಲ್ಲಿ ಢಾಕಾದಲ್ಲಿದ್ದ ಸತ್ಯೇಂದ್ರನಾಥ ಬೋಸರು ಆ ಶಾಸ್ತ್ರಕ್ಕೆ ಹೊಸ ಗಣಿತವನ್ನಿತ್ತರು. ಸೂಕ್ಷ್ಮಪ್ರಕೃತಿಯನ್ನು ಅನುಕರಿಸುವ ಯಂತ್ರವು ಆ ಪ್ರಕೃತಿಯ ನಿಯಮವನ್ನೇ ಅನುಸರಿಸಬೇಕೆಂದು 1981 ರಲ್ಲಿ ಅಮೇರಿಕೆಯ ಫೈನ್‌ಮನ್ನರು ಸೂಚಿಸಿದರು. ಇದರ ಮೂಲಘಟಕವು ಕ್ಯೂಬಿಟ್ಟು. ಅಳೆದು ನೋಡುವವರೆಗೆ ಅದು ಸೊನ್ನೆ-ಒಂದುಗಳ ಮಿಶ್ರಸ್ಥಿತಿಯಲ್ಲಿರಬಲ್ಲದು. ಎಲ್ಲ ಉತ್ತರಗಳೂ ಒಮ್ಮೆಲೆ ಕೈಸೇರುವವೆಂಬ ಮಾತು ಮಾತ್ರ ಸರಿಯಲ್ಲ. ಕೆರೆಯ ತೆರೆಗಳಂತೆ ತಪ್ಪುತ್ತರಗಳು ಒಂದನ್ನೊಂದು ಅಳಿಸಿ, ಸರಿಯುತ್ತರವು ಬಲಗೊಳ್ಳುವಂತೆ ಹವಣಿಸುವದೇ ಇದರ ಮರ್ಮವು.

ದೊಡ್ಡ ಸಂಖ್ಯೆಗಳನ್ನು ಈ ಯಂತ್ರವು ಬೇಗನೆ ಅಪವರ್ತಿಸಬಲ್ಲದೆಂದು 1994 ರಲ್ಲಿ ಶೋರ್ ಎಂಬವರು ತೋರಿಸಿದರು. ಬ್ಯಾಂಕುಗಳ ಗುಪ್ತಲಿಪಿಗಳಲ್ಲಿ ಹಲವು ಆ ಕಾಠಿಣ್ಯವನ್ನೇ ನಂಬಿರುವದರಿಂದ ಲೋಕವು ಬೆಚ್ಚಿತು. ಔಷಧಗಳ ಅಣುರಚನೆಯನ್ನು ಅರಿಯುವಲ್ಲಿಯೂ ಇದರ ಉಪಯೋಗವು ನಿರೀಕ್ಷಿತವಾಗಿದೆ. ಆದರೆ ಕ್ಯೂಬಿಟ್ಟು ಅತಿ ಕೋಮಲವು. ಅಲ್ಪ ಕಾವು, ಅಲ್ಪ ಅಲುಗಾಟಗಳಿಗೂ ಅದರ ಲೆಕ್ಕವು ಕೆಡುವದು.

ಭಾರತ ಸರಕಾರವು 2023 ರಲ್ಲಿ ರಾಷ್ಟ್ರೀಯ ಕ್ವಾಂಟಮ್ ಯೋಜನೆಗೆ 6003.65 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. 2025 ರಲ್ಲಿ ಬೆಂಗಳೂರಿನ ಕ್ಯೂಪಿಎಐ ಸಂಸ್ಥೆಯು 25 ಕ್ಯೂಬಿಟ್ಟುಗಳ ಗಣಕವನ್ನು ಹೊರತಂದಿತು.

ಜಾಕಾರ್ಡನ ಮಗ್ಗವು ಬಂದಾಗ ದಾರವೆಳೆಯುವ ಹುಡುಗರ ಕೆಲಸವು ಹೋಯಿತು. ವಿದ್ಯುನ್ಮಗ್ಗವು ಬಂದಾಗ ಕೈಮಗ್ಗಕ್ಕೆ ಒದಗಿದ ಗತಿಯನ್ನು ಬನಹಟ್ಟಿಯ ಹಿರಿಯರಿಗೆ ಬೇರೆ ಹೇಳಬೇಕಾಗಿಲ್ಲ. ಹೊಸ ಯಂತ್ರವು ಒಬ್ಬರ ಅನ್ನವನ್ನು ಕಸಿಯುವದೋ, ಇನ್ನೊಬ್ಬರಿಗೆ ನೀಡುವದೋ ಎಂಬುದು ವಿದ್ಯೆಯು ಯಾರ ಮನೆಯನ್ನು ತಲುಪಿತೆಂಬುದನ್ನು ಅವಲಂಬಿಸಿದೆ. ಈ ಶಾಸ್ತ್ರವು ತಿಳಿಗನ್ನಡದಲ್ಲಿ ಶಾಲೆಗಳಿಗೆ ಬಂದರೆ, ಎರಡೆಳೆಗಳ ಮರ್ಮವನ್ನು ತೊಟ್ಟಿಲಲ್ಲಿಯೇ ಕೇಳಿ ಬೆಳೆದ ನೇಕಾರರ ಮಕ್ಕಳಿಗೆ ಅದು ದೂರದ ವಿದ್ಯೆಯೆನಿಸದು.