ಗಿಗಾಹರ್ಟ್ಸ್ ಪೈಪೋಟಿ

ಆಟಕ್ಕೆಂದು ಗಣಕ ಜೋಡಿಸುವಾಗ ಯಾವ ಸಂಸ್ಕಾರಕ ಕೊಳ್ಳಬೇಕು? ಈ ವಾದ ಹಳೆಯದು. 2000ರ ನವೆಂಬರ್‌ನಲ್ಲಿ ಇಂಟೆಲ್ ಕಂಪನಿಯ ಪೆಂಟಿಯಂ 4 ಬಂದಾಗ ಅದರ ಗಡಿಯಾರ ವೇಗ 1.5 ಗಿಗಾಹರ್ಟ್ಸ್ ಮುಟ್ಟಿತ್ತು. ವೇಗವೇ ಎಲ್ಲ ಎಂದರು ಕೆಲವರು. ಪ್ರತಿ ಮಿಡಿತಕ್ಕೆ ಎಷ್ಟು ಕೆಲಸವಾಗುತ್ತದೆ ಎಂಬುದೇ ಮುಖ್ಯ ಎಂದರು ಇನ್ನು ಕೆಲವರು. 2001ರಲ್ಲಿ ಎಎಂಡಿ ಕಂಪನಿ ತನ್ನ 1.53 ಗಿಗಾಹರ್ಟ್ಸ್ ಸಂಸ್ಕಾರಕಕ್ಕೆ ‘ಅಥ್ಲಾನ್ ಎಕ್ಸ್‌ಪಿ 1800+’ ಎಂದೇ ಹೆಸರಿಟ್ಟಿತು: ಮಿಡಿತ ಕಡಿಮೆ, ಕೆಲಸ ಹೆಚ್ಚು ಎಂಬ ಸೂಚನೆ!

ವೇಗ ಏರಿಸಲು ಇಂಟೆಲ್ ಪ್ರತಿ ಆದೇಶದ ಕೆಲಸವನ್ನು 20 ಸಣ್ಣ ಹಂತಗಳಾಗಿ ಒಡೆದಿತ್ತು. ಮುಂದಿನ ಆದೇಶ ಯಾವುದೆಂಬ ಊಹೆ ತಪ್ಪಿದರೆ ಅರ್ಧ ಮುಗಿದ ಕೆಲಸವೆಲ್ಲ ವ್ಯರ್ಥ. ಶಾಖವೂ ಹೆಚ್ಚಿತು. 4 ಗಿಗಾಹರ್ಟ್ಸ್ ಪೆಂಟಿಯಂ 4ರ ಯೋಜನೆ 2004ರಲ್ಲಿ ರದ್ದಾಯಿತು. 2006ರಲ್ಲಿ ಇಂಟೆಲ್‌ನದೇ ಕೋರ್ 2 ಡ್ಯುಯೊ ಕಡಿಮೆ ಗಡಿಯಾರ ವೇಗದಲ್ಲೇ ಪೆಂಟಿಯಂ 4ನ್ನು ಹಿಂದಿಕ್ಕಿತು.

ಹಣ ತೆರುವವರು ನೀವು. ಪೆಟ್ಟಿಗೆಯ ಮೇಲಿನ ಅಂಕಿಯನ್ನಲ್ಲ, ನೀವಾಡುವ ಆಟದಲ್ಲಿ ಸೆಕೆಂಡಿಗೆ ಎಷ್ಟು ಚಿತ್ರಗಳು ಮೂಡುತ್ತವೆ ಎಂಬುದನ್ನು ನೋಡಿ.